ಒಂದು ಮನೆಯೂ ಬಿಡದ ಹಾಗೆ

"ನಿಮ್ಮ ಅಮ್ಮನ ಖಾತೆ ಯಾರ ಹೆಸರಿನಲ್ಲಿ ಉಂಟು?"

ಬಾಗಿಲಲ್ಲಿ ನಿಂತವಳು ನಮಸ್ಕಾರವನ್ನೂ ಹೇಳದೆ ಕೇಳಿದ ಮೊದಲ ಪ್ರಶ್ನೆ ಇದು!

ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದ ಕೀರ್ತನ್ ತಿರುಗಿ ನೋಡಿದ. ಮುಖವನ್ನು ಎದುರೆದುರು ಕಂಡದ್ದು ಇದೇ ಮೊದಲು. ಆದರೆ ಸ್ವರ... ಆ ಸ್ವರ ಅವನಿಗೆ ಬಾಯಿಪಾಠ. ತಿಂಗಳುಗಟ್ಟಲೆ ಫೋನಿನಲ್ಲಿ ಕೇಳಿದ, ಕೆಲಸದ ಮಾತು ಮುಗಿದ ಮೇಲೂ "ಮತ್ತೆ?" ಎಂದು ಎಳೆದೆಳೆದು ಕೇಳಿಸಿಕೊಂಡ ಸ್ವರ.

"ಸುರಕ್ಷಾ...?"

"ಹೌದು. ಕೂತ್ಕೊಳ್ಳಿ ಅಂತ ಹೇಳ್ಬೇಡಿ. ಕೇಳಿದ್ದಕ್ಕೆ ಉತ್ತರ ಕೊಡಿ."

ಅವರಿಬ್ಬರ ಮೊದಲ ಭೇಟಿ ಬರುವ ಭಾನುವಾರ ಪುತ್ತೂರಿನಲ್ಲಿ ಎಂದು ನಿಶ್ಚಯವಾಗಿತ್ತು. ಯಾವ ಚೂಡಿದಾರ ಹಾಕುವುದೆಂದು ಅವಳು ಆರಿಸಿ, ಬದಲಿಸಿ, ಮತ್ತೆ ಆರಿಸಿದ್ದಳು. ಅವನು ಕ್ಷೌರ ಮಾಡಿಸಿಕೊಂಡಿದ್ದ. ಗಂಡಸರ ತಯಾರಿ ಅಷ್ಟೇ ಅಲ್ಲವೇ! ಈಗ ನೋಡಿದರೆ, ಭಾನುವಾರಕ್ಕೂ ಮೊದಲೇ ಅವಳು ಪುತ್ತೂರಿನಿಂದ ಬಸ್ಸು ಹತ್ತಿ ಸುಳ್ಯಕ್ಕೆ ಬಂದಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

ಆಗಿದ್ದೇನೆಂದು ಹೇಳಿಬಿಡುತ್ತೇನೆ.

'ಬೊಬ್ಬೆ' ಎನ್ನುವುದು ಪುತ್ತೂರು, ಸುಳ್ಯ, ಕಡಬದ ಜನರ ಸ್ವಂತ ಆ್ಯಪ್. ಸುಳ್ಯ ಪೇಟೆಯ ಟಯರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಕೀರ್ತನ್ ಕಟ್ಟಿದ್ದು. ಗುಂಡ್ಯದಲ್ಲಿ ಲಾರಿ ಅಡ್ಡ ಬಿದ್ದಿದೆ, ಕಡಬದ ರಸ್ತೆಗೆ ಆನೆ ಇಳಿದಿದೆ, ರಬ್ಬರಿಗೆ ಇವತ್ತು ರೇಟೆಷ್ಟು, ಯಾರಿಗೋ ಅರ್ಜೆಂಟು ರಕ್ತ ಬೇಕು... ಎಲ್ಲದಕ್ಕೂ ಜನ ಅಲ್ಲಿ ಬೊಬ್ಬೆ ಹಾಕುತ್ತಿದ್ದರು.

ಅದರೊಳಗೆ ಹೆಂಗಸರಿಗೆಂದೇ ಒಂದು ಮೂಲೆ. ಅದಕ್ಕೆ 'ಜಗಲಿ' ಎಂದು ಹೆಸರು. ಜಗಲಿ ನೋಡಿಕೊಳ್ಳುವವಳು ಸುರಕ್ಷಾ, ಪುತ್ತೂರಿನ ತನ್ನ ಮನೆಯಿಂದಲೇ. ಒಳಗೆ ಬರಬೇಕೆನ್ನುವವರ ಹತ್ತಿರ ಅವಳು ಫೋನಿನಲ್ಲಿ ಮಾತಾಡಿ, ಹೆಂಗಸೇ ಹೌದೆಂದು ಖಾತ್ರಿಯಾದ ಮೇಲೆ ಒಂದು ಹೂವಿನ ಹೆಸರು ಕೊಡುತ್ತಿದ್ದಳು. ಕೇಪಳ, ರೆಂಜೆ, ಅಬ್ಬಲಿಗೆ... ಆ ಹೆಸರಿನಲ್ಲಿ ಅವರು ಮನಸ್ಸಿಗೆ ತೋಚಿದ್ದು ಬರೆಯಬಹುದು.

ಎಲ್ಲರಿಗೂ ಅವಳು ಹೇಳುತ್ತಿದ್ದ ಮಾತು ಒಂದೇ. "ನಿಮ್ಮ ನಿಜ ಹೆಸರು ಹೊರಗೆ ಹೋಗುದಿಲ್ಲ ಅಕ್ಕ. ಅದಕ್ಕೆ ನಾನು ಉಂಟು."

ಮೊನ್ನೆ ಸಂಜೆ ಕೀರ್ತನ್ 'ಗುರ್ತದವರು' ಎಂಬ ಹೊಸ ಸೌಲಭ್ಯ ತೆರೆದ. ನಿಮ್ಮ ಫೋನಿನಲ್ಲಿ ಯಾರ ನಂಬರು ಇದೆಯೋ, ಅವರು ಬೊಬ್ಬೆಯಲ್ಲಿ ಯಾವ ಹೆಸರಿನಿಂದ ಇದ್ದಾರೆಂದು ಅದು ತೋರಿಸುತ್ತದೆ. ಜನ ಬೇಗ ಬೇಗ ಸೇರಲಿ ಎಂಬ ಆಸೆ. ಹೆಂಗಸರ ಖಾತೆಗಳನ್ನೆಲ್ಲ ಅದರಿಂದ ಹೊರಗೆ ಇಟ್ಟಿದ್ದೇನೆ ಎಂದು ಅವನು ನಂಬಿದ್ದ.

ಆದರೆ ರೆಂಜೆ ಹೂವಿನ ಪಕ್ಕದಲ್ಲಿ, ಆ ನಂಬರು ಯಾರದ್ದೋ ಅವರ ಹೆಸರು, 'ಜೆ.ಪಿ. ಅಣ್ಣ, ಕಡಬ' ಎಂದು ಕಾಣಿಸಿತು!

ಅವನು ಅದನ್ನು ನೋಡಿ ಓಡಿ ಮುಚ್ಚುವಷ್ಟರಲ್ಲಿ ಸಂಜೆ ಕಳೆದಿತ್ತು. ಜಗಲಿಯಲ್ಲೇ ಇದ್ದ ಯಾರೋ ಒಬ್ಬಳು ರೆಂಜೆ ಬರೆದದ್ದರ ಸ್ಕ್ರೀನ್‌ಶಾಟ್ ತೆಗೆದು ಹಂಚಿದ್ದಳು. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರಲ್ಲ, ಹಾಗಾಯಿತು.

"ಹೆಂಗಸರ ಖಾತೆ ಎಲ್ಲ ನಾನು ಬಿಟ್ಟಿದ್ದೆ ಮಾರಾಯ್ರೆ!" ಕೀರ್ತನ್ ಎದ್ದು ನಿಂತ. "ಹೆಂಗಸು ಅಂತ ಬರೆದ ಒಂದೇ ಒಂದು ಖಾತೆ..."

"ಅದಕ್ಕೇ ಕೇಳಿದ್ದು. ನಿಮ್ಮ ಅಮ್ಮ ಬೊಬ್ಬೆ ನೋಡುದು ಯಾವ ಖಾತೆಯಲ್ಲಿ?"

ಅವನ ಕಣ್ಣು ಕಂಪ್ಯೂಟರಿನ ಪಟ್ಟಿಯ ಕಡೆ ಹೋಯಿತು.

"...ಅಪ್ಪನದ್ದರಲ್ಲಿ."

"ನಮ್ಮೂರಲ್ಲಿ ಮುಕ್ಕಾಲು ಹೆಂಗಸರದ್ದು ಹಾಗೆಯೇ. ಮನೆಗೊಂದು ನಂಬರು, ಖಾತೆ ಗಂಡನದ್ದೋ ಅಣ್ಣನದ್ದೋ. ಮಧ್ಯಾಹ್ನ ಫೋನ್ ಇವಳ ಕೈಗೆ ಸಿಕ್ಕಿದಾಗ ಇವಳು ಜಗಲಿಗೆ ಬರುದು. ನಿಮ್ಮ ಕಂಪ್ಯೂಟರಿಗೆ ಅವರೆಲ್ಲ ಗಂಡಸರೇ!"

ಕೀರ್ತನ್ ಕುರ್ಚಿಯಲ್ಲಿ ಕುಸಿದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು!

"ನಾನು ಎಲ್ಲರಿಗೂ ಕ್ಷಮೆ ಕೇಳಿ ಮೆಸೇಜ್ ಹಾಕಿದ್ದೇನೆ..." ಎಂದ ಮೆಲ್ಲಗೆ.

"ಓದಿದೆ. 'ತಾಂತ್ರಿಕ ಕಾರಣಗಳಿಂದ ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ.' ಕರೆಂಟು ಹೋದ್ರೆ ಬರುವ ಮೆಸೇಜಿನ ಹಾಗೆ ಉಂಟು! ಮದುವೆ ಹೇಳಿಕೆಯನ್ನು ಬರೀ ವಾಟ್ಸಪ್ಪಿನಲ್ಲಿ ಕಳಿಸಿದ್ರೆ ಇಲ್ಲಿ ಒಬ್ಬರಾದ್ರೂ ಊಟಕ್ಕೆ ಬರ್ತಾರಾ? ಹಾಗಿರುವಾಗ ಕ್ಷಮೆ ಮೆಸೇಜಿನಲ್ಲಿ ಸಿಗ್ತದಾ?"

"ಸುರಕ್ಷಾ, ನಾನು..."

"ಅವರು ನಿಮ್ಮನ್ನು ನಂಬಿದ್ದಲ್ಲ. ನನ್ನ ಸ್ವರವನ್ನು ನಂಬಿದ್ದು. ನಾಳೆಯಿಂದ ನಾನು ಕೆಲಸಕ್ಕಿಲ್ಲ."

"ಭಾನುವಾರ...?"

"ಯಾವ ಭಾನುವಾರ?"

ಅವಳು ಧಡಧಡನೆ ಮೆಟ್ಟಿಲು ಇಳಿದಳು. ಇಷ್ಟು ದಿನ ಕಾದಿದ್ದ ಮುಖವನ್ನು ಸರಿಯಾಗಿ ನೋಡಲೂ ಇಲ್ಲವಲ್ಲ ಎಂದು ಒಳಗೆಲ್ಲೋ ಒಂದು ಹಾಳು ಮನಸ್ಸು ಕೊರಗುತ್ತಿತ್ತು!

ಪುತ್ತೂರಿನ ಬಸ್ಸು ಜಾಲ್ಸೂರು ದಾಟುವಾಗ ಇನ್ನೊಂದು ಯೋಚನೆ ಬಂದು ಚುಚ್ಚಿತು.

'ನನಗೆ ಗೊತ್ತಿತ್ತಲ್ಲ...?'

ಎಷ್ಟೋ ಸಲ ಅವಳು ಫೋನ್ ಮಾಡಿದಾಗ ಎತ್ತುತ್ತಿದ್ದದ್ದು ಗಂಡಸೇ. "ಒಂದು ನಿಮಿಷ, ಅವಳಿಗೆ ಕೊಡ್ತೇನೆ" ಎನ್ನುತ್ತಿದ್ದರು. ಅದು ಅವಳಿಗೆ ಎಷ್ಟು ಮಾಮೂಲಾಗಿತ್ತೆಂದರೆ, ಕೀರ್ತನನಿಗೆ ಹೇಳಬೇಕಾದ ವಿಷಯ ಎಂದೇ ತೋಚಿರಲಿಲ್ಲ. ಅವನು ಕೇಳಲಿಲ್ಲ, ಸರಿ. ನಾನು ಹೇಳಿದೆನಾ? ಅವಳು ಸೀಟಿನ ಕಂಬಿಗೆ ಹಣೆ ಒತ್ತಿ ಕಣ್ಣು ಮುಚ್ಚಿದಳು.

ಮರುದಿನದಿಂದ ಊರೆಲ್ಲ ಒಂದೇ ಸುದ್ದಿ. 'ಬೊಬ್ಬೆ ಡಿಲೀಟ್ ಮಾಡಿ' ಎಂಬ ಸ್ಟೇಟಸ್ ಇಲ್ಲದ ಫೋನೇ ಇಲ್ಲ. ಪುತ್ತೂರಿನ ಬಸ್ ನಿಲ್ದಾಣದಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ತೋರಿಸಿ ಅಳಿಸುತ್ತಿದ್ದರು. ಆನೆ ಬಂದರೂ ಸರಿ, ಆ ಆ್ಯಪ್ ಬೇಡ ಎಂದರು ಕಡಬದವರು!

ರೆಂಜೆ, ಅಂದರೆ ಜೆ.ಪಿ. ಅಣ್ಣನ ಹೆಂಡತಿ ದಮಯಂತಿ, ಬರೆದದ್ದು ಸುರಕ್ಷಾಳ ಕಣ್ಣ ಮುಂದೆಯೇ ಇತ್ತು. 'ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ ಅಂತ ಅತ್ತೆ ನನ್ನನ್ನೇ ಬೈತಾರೆ. ಡಾಕ್ಟ್ರು ಹೇಳಿದ್ದು ತೊಂದರೆ ಇರುದು ಇವರಿಗೆ ಅಂತ. ಇವರ ಮರ್ಯಾದೆ ಹೋಗ್ಬಾರ್ದು ಅಂತ ಬಾಯಿ ಮುಚ್ಚಿ ಕೂತಿದ್ದೇನೆ. ಯಾರಿಗಾದ್ರೂ ಒಮ್ಮೆ ಹೇಳ್ಬೇಕು ಅಂತ ಆಯ್ತು.'

ಗಂಡನ ಮಾನ ಕಾಯಲು ಅಷ್ಟು ವರ್ಷ ಬೈಗುಳ ನುಂಗಿದವಳ ಮಾತು ಈಗ ಕಡಬದ ಅಂಗಡಿ ಅಂಗಡಿಯಲ್ಲಿ ನಗೆಗೆ ಈಡಾಗಿತ್ತು.

ರೆಂಜೆಯ ನಂಬರಿಗೆ ಸುರಕ್ಷಾ ಮತ್ತೆ ಮತ್ತೆ ಫೋನ್ ಮಾಡಿದಳು. ಒಮ್ಮೆಯೂ ಸಿಗಲಿಲ್ಲ. ಏನಾಗಿರಬಹುದು? ಅವಳು ಏನಾದರೂ ಮಾಡಿಕೊಂಡರೆ? ಕೊನೆಗೆ ಮಾನ ಬಿಟ್ಟು ಕೀರ್ತನನಿಗೆ ಫೋನ್ ಮಾಡಿದಳು.

'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ...'

ಬೆಳಿಗ್ಗೆಯೂ ಅದೇ. ಸಂಜೆಯೂ ಅದೇ. ಹುಡುಗ ಮಂಗಳೂರಿಗೆ ಓಡಿಹೋದ ಎಂದು ಯಾರೋ ಬರೆದಿದ್ದರು. 'ಓಡಿಹೋದನಾ? ಅಷ್ಟೇನಾ ಅವನು?' ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಹೆಚ್ಚು ನೋವಾದದ್ದೂ ನಿಜ.

ಭಾನುವಾರ ಬಂತು. ಆರಿಸಿಟ್ಟ ಚೂಡಿದಾರ ಕಪಾಟಿನಲ್ಲೇ ಉಳಿಯಿತು. ಸುರಕ್ಷಾ ಕಡಬದ ಬಸ್ಸು ಹತ್ತಿದಳು.

ಕಡಬ ಪೇಟೆಯಿಂದ ರಿಕ್ಷಾದಲ್ಲಿ ಬಹಳ ದೂರ ಒಳಗೆ. ರಿಕ್ಷಾದವನಿಗೆ ಜೆ.ಪಿ. ಅಣ್ಣನ ಮನೆ ಎಂದದ್ದೇ ತಡ, ಕನ್ನಡಿಯಲ್ಲಿ ಅವನ ತುಟಿ ವಾರೆಯಾದದ್ದು ಕಂಡಿತು. ರೆಂಜೆ ಬರೆಯುತ್ತಿದ್ದದ್ದು ಪೇಟೆಗೆ ಬಂದಾಗಲೇ ಇರಬೇಕು; ಇಲ್ಲಿ ಫೋನ್ ನೋಡಿದರೆ ಒಂದು ಗೆರೆಯೂ ನೆಟ್‌ವರ್ಕ್ ಇಲ್ಲ.

ಅಂಗಳದ ತಂತಿಯಲ್ಲಿ ರಬ್ಬರ್ ಶೀಟು ಒಣಗುತ್ತಿತ್ತು. ಜಗಲಿಯ ಮೇಲೆ ಒಬ್ಬರು ಅಜ್ಜಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಕೆಳಗಿನ ಮೆಟ್ಟಿಲಿನಲ್ಲಿ, ತಲೆ ತಗ್ಗಿಸಿ, ಬಿಸಿಲಿಗೆ ಕೆಂಪಾಗಿ ಕೂತವನು...

"ಕೀರ್ತನ್?!"

ಅವನು ದಡಬಡಿಸಿ ಎದ್ದ.

"ನಿಮ್ಮ ಗುರ್ತದವನಾ?" ಅಜ್ಜಿ ಕತ್ತಿ ಕೆಳಗಿಡದೆ ಕೇಳಿದರು. ಅವರೇ ತಿಮ್ಮಕ್ಕ, ಜೆ.ಪಿ. ಅಣ್ಣ ಎಂಬ ಜಯಪ್ರಕಾಶನ ತಾಯಿ. "ನೀವು ಬಂದದ್ದು ಕರ್ಕೊಂಡು ಹೋಗ್ಲಿಕ್ಕಾದ್ರೆ ಕರ್ಕೊಂಡು ಹೋಗಿ. ದಿನಾ ಬರ್ತಾನೆ. ಬೆಳಿಗ್ಗೆ ಕೂತ್ರೆ ಸಂಜೆವರೆಗೆ ಕೂರ್ತಾನೆ. ನಾನು ಮೇಲೆ ಬಾ ಅಂತ ಹೇಳ್ಲಿಲ್ಲ. ನೀರೂ ಕೊಡ್ಲಿಲ್ಲ."

ಗುರುತಿಲ್ಲದವರು ಬಂದರೂ ಬೆಲ್ಲ ನೀರು ಕೊಡದೆ ಕಳಿಸದ ಊರು ಇದು. ನೀರು ಕೊಡಲಿಲ್ಲವೆಂದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಓಡಿಹೋಗಿರಲಿಲ್ಲ ಅವನು... ಇಲ್ಲಿದ್ದ. ನೆಟ್‌ವರ್ಕ್ ಇಲ್ಲದ ಈ ಮೆಟ್ಟಿಲ ಮೇಲೆ! ಸುರಕ್ಷಾಳಿಗೆ ಅಲ್ಲೇ ಅತ್ತುಬಿಡುವ ಹಾಗಾಯಿತು. ಆದರೆ ಅವಳು ಬಂದದ್ದು ಅವನಿಗಾಗಿ ಅಲ್ಲ.

"ಅಮ್ಮ, ನಾನು ಪುತ್ತೂರಿಂದ. ಜಗಲಿಯಲ್ಲಿ ಎಲ್ಲರ ಹತ್ತಿರ ಫೋನಿನಲ್ಲಿ ಮಾತಾಡುದು ನಾನೇ. ದಮಯಂತಿಯಕ್ಕನನ್ನು ಒಮ್ಮೆ..."

ಒಳಗೆ ಪಾತ್ರೆ ಇಟ್ಟ ಸದ್ದಾಯಿತು. ಬಾಗಿಲಿಗೆ ಒಬ್ಬಳು ತೆಳ್ಳಗಿನ ಹೆಂಗಸು ಬಂದು ನಿಂತಳು. ಸ್ವರದಿಂದಲೇ ಅವಳಿಗೆ ಗುರುತು ಸಿಕ್ಕಿತ್ತು.

"ಅದಕ್ಕೆ ನಾನು ಉಂಟು ಅಂತ ಹೇಳಿದ್ರಿ," ಎಂದಳು ದಮಯಂತಿ.

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು!

"ಹೇಳಿದ್ದೆ ಅಕ್ಕ. ಉಳಿಸ್ಲಿಕ್ಕೆ ಆಗ್ಲಿಲ್ಲ. ನಂಬರು ಗಂಡಸರ ಹೆಸರಲ್ಲಿರುದು ನನಗೆ ಗೊತ್ತಿತ್ತು. ಇವರಿಗೆ ನಾನು ಹೇಳಿರ್ಲಿಲ್ಲ. ತಪ್ಪು ಇವರೊಬ್ಬರದ್ದಲ್ಲ, ನನ್ನದೂ ಉಂಟು."

ಕೀರ್ತನ್ ತಟ್ಟನೆ ತಲೆಯೆತ್ತಿ ಅವಳನ್ನು ನೋಡಿದ.

"ನಮ್ಮ ಮನೆಯವರು ಮುಖ ಕೊಟ್ಟು ಮಾತಾಡುದಿಲ್ಲ," ಎಂದಳು ದಮಯಂತಿ. "ಯಾರಿಗೂ ಸಿಗ್ಬಾರ್ದು ಅಂತ ಕತ್ತಲೆಗೇ ರಬ್ಬರ್ ಟ್ಯಾಪಿಂಗಿಗೆ ಹೋಗ್ತಾರೆ. ನಾನು ಮುಚ್ಚಿಟ್ಟದ್ದು ಇವರಿಗೋಸ್ಕರ. ಈಗ ನಾನೇ ಇವರನ್ನು ಬೀದಿಗೆ ಹಾಕಿದ ಹಾಗಾಯ್ತು."

ತಿಮ್ಮಕ್ಕನ ಕೈಯಲ್ಲಿ ಕತ್ತಿ ನಿಂತಿತು.

"ಬೈದದ್ದು ನಾನು," ಎಂದರು ಗಡುಸಾಗಿ. "ಇಷ್ಟು ವರ್ಷ. ಅವಳು ಒಂದು ಮಾತು ಎದುರು ಹೇಳ್ಲಿಲ್ಲ. ಸ್ವಂತ ಮನೆಯ ಜಗಲಿಯಲ್ಲಿ ಜಾಗ ಇಲ್ಲದ್ದಕ್ಕೆ ನಿಮ್ಮ ಜಗಲಿಗೆ ಬಂದು ಹೇಳಿದ್ದಾಳೆ." ಸ್ವರ ಒಡೆಯಿತು. "ಆದ್ರೆ ಕೇಳಿ, ಅದು ನನ್ನ ಕಿವಿಗೆ ಬಿದ್ದದ್ದು ನಿಮ್ಮ ಪುಣ್ಯದಿಂದ ಅಂತ ಎಣಿಸ್ಬೇಡಿ. ನಿಮ್ಮದು ತಪ್ಪೇ."

"ಹೌದಮ್ಮ," ಎಂದ ಕೀರ್ತನ್. "ತಪ್ಪೇ. ಎಂತ ಮಾಡಿದ್ರೆ ಸರಿ ಆಗ್ತದೆ ಅಂತ ಗೊತ್ತಿಲ್ಲ. ಅದಕ್ಕೆ ಬಂದು ಕೂತದ್ದು."

"ಇಲ್ಲಿಗೆ ಬರುದು ನಿಲ್ಲಿಸಿ ಮೊದಲು!" ದಮಯಂತಿಯ ಸ್ವರ ಮೊದಲ ಬಾರಿಗೆ ಏರಿತು. "ನೀವು ದಿನಾ ನಮ್ಮ ಒಂದೇ ಮನೆಗೆ ಬಂದು ಕೂತ್ರೆ ಊರಿಗೆ ಪುನಃ ಪುನಃ ಹೇಳಿದ ಹಾಗೆ. ಹೆಸರು ಹೊರಗೆ ಬಿದ್ದವರು ಬೇರೆಯವರೂ ಇದ್ದಾರೆ. ಅವರ ಮನೆಯಲ್ಲಿ ಇನ್ನೂ ಗೊತ್ತಾಗ್ಲಿಲ್ಲ. ಅವರ ಮನೆಗೂ ಹೀಗೆಯೇ ಹೋಗಿ ಕೂರ್ತೀರಾ?"

ಕೀರ್ತನನ ಮುಖ ಬಿಳುಚಿತು. ಕ್ಷಮೆ ಕೇಳಲು ಹೋದರೆ ಇನ್ನಷ್ಟು ಬಯಲು, ಹೋಗದಿದ್ದರೆ ಮಾತು ಮುರಿದ ಹಾಗೇ... ದಾರಿ ಯಾವುದು?

ದಮಯಂತಿಯೇ ಹೇಳಿದಳು.

"ಮದುವೆಗೆ ಕರೀಲಿಕ್ಕೆ ಹೇಳಿಕೆಗೆ ಹೋಗುದಿಲ್ವಾ? ಸಾಲಿನಲ್ಲಿ ಒಂದು ಮನೆ ಬಿಡ್ಬಾರ್ದು. ಮಾತು ಬಿಟ್ಟವರ ಮನೆಗೂ ಹತ್ಬೇಕು. ಹಾಗೆ ಹೋಗಿ. ನಮ್ಮ ಮನೆಗೆ ಬಂದ ಹಾಗೆ ಆಚೆ ಮನೆಗೆ, ಈಚೆ ಮನೆಗೆ, ಎಲ್ಲರ ಮನೆಗೂ. ಎಲ್ಲ ಮನೆಗೆ ಬಂದ್ರೆ ಯಾರ ಮನೆಗೆ ಬಂದದ್ದು ಅಂತ ಯಾರಿಗೂ ಗೊತ್ತಾಗುದಿಲ್ಲ. ಗೊತ್ತಾಗ್ಬೇಕಾದವಳಿಗೆ ಮಾತ್ರ ಗೊತ್ತಾಗ್ತದೆ."

ತಿಮ್ಮಕ್ಕ ಕತ್ತಿ ಕೆಳಗಿಟ್ಟರು. ಆಮೇಲೆ, "ಮೇಲೆ ಬನ್ನಿ ಇಬ್ಬರೂ. ಆಸರಿಗೆ ಕುಡಿದು ಹೋಗಿ," ಎಂದು ಎದ್ದರು.

ಬೆಲ್ಲದ ತುಂಡು ಬಾಯಿಗೆ ಹಾಕಿ ನೀರು ಕುಡಿಯುವಾಗ ಕೀರ್ತನನ ಕಣ್ಣಿಂದ ನೀರು ಇಳಿಯಿತು. ಸುರಕ್ಷಾ ನೋಡಿಯೂ ನೋಡದ ಹಾಗೆ ಅಂಗಳದ ಕಡೆ ತಿರುಗಿದಳು.

ಅಂದಿನಿಂದ ಶುರುವಾಯಿತು. ಅವನ ಬೈಕು, ಹಿಂದೆ ಅವಳು. ಕಡಬ, ನೆಲ್ಯಾಡಿ, ಸುಳ್ಯ, ಪುತ್ತೂರಿನ ಸುತ್ತು. ಯಾವ ಸಾಲಿನಲ್ಲಿ ಹೆಸರು ಹೊರಬಿದ್ದ ಒಂದು ಮನೆ ಇದೆಯೋ ಆ ಸಾಲಿನ ಪ್ರತಿಯೊಂದು ಮನೆ.

"ನಮ್ಮ ಬೊಬ್ಬೆಯಿಂದ ನಿಮ್ಮ ಊರಿನವರಿಗೆ ತೊಂದರೆ ಆಗಿದೆ. ತಪ್ಪು ನಮ್ಮದು. ಆ ಸೌಲಭ್ಯ ಪೂರ್ತಿ ತೆಗೆದಿದ್ದೇವೆ. ಇನ್ನು ಮನೆಯ ಒಂದೇ ನಂಬರಿನಲ್ಲಿ ಎಷ್ಟು ಜನ ಇದ್ರೂ ಎಲ್ಲರದ್ದೂ ಬೇರೆ ಬೇರೆ, ಒಬ್ಬರದ್ದು ಒಬ್ಬರಿಗೆ ಕಾಣುದಿಲ್ಲ."

ಕೆಲವರು ಕೂರಿಸಿ ಕೇಳಿದರು. ಕೆಲವರು ನಾಯಿ ಬಿಟ್ಟರು. "ಮಾನ ಹೋದ ಮೇಲೆ ಬೀಗ ಹಾಕ್ಲಿಕ್ಕೆ ಬಂದದ್ದಾ?" ಎಂದು ಒಬ್ಬರು ಗೇಟಿನಲ್ಲೇ ಅಟ್ಟಿದರು. ಇನ್ನು ಎಷ್ಟೋ ಮನೆಗಳಲ್ಲಿ ಹುಡುಗ ಹುಡುಗಿ ಜೋಡಿಯಾಗಿ ಅಂಗಳಕ್ಕೆ ಬಂದದ್ದು ಕಂಡದ್ದೇ, "ಹೇಳಿಕೆಯಾ? ಮದುವೆ ಎಲ್ಲಿ?" ಎಂದು ಚಾಪೆ ಹಾಸಿಬಿಡುತ್ತಿದ್ದರು!

"ಅಲ್ಲ ಅಲ್ಲ!" ಎಂದು ಇಬ್ಬರೂ ಒಟ್ಟಿಗೇ ಕೂಗುವುದು. ಆಮೇಲೆ ಬೈಕಿನಲ್ಲಿ ಅರ್ಧ ದಾರಿ ಅವನು ರಸ್ತೆಯನ್ನೇ ನೋಡುವುದು, ಅವಳು ತೋಟವನ್ನೇ ನೋಡುವುದು.

ಸುಳ್ಯದ ಹೊರವಲಯದ ಒಂದು ಮನೆಯಲ್ಲಿ ಪಾತುಮ್ಮ ಎಂಬ ಹಿರಿಯರು ಎಲ್ಲ ಕೇಳಿ, "ನಮ್ಮ ಮನೆಯಲ್ಲಿ ಅದನ್ನೆಲ್ಲ ಯಾರೂ ನೋಡುದಿಲ್ಲ ಮಕ್ಕಳೇ. ಆದ್ರೂ ಬಂದ್ರಲ್ಲ, ಅದು ದೊಡ್ಡದು," ಎಂದರು. ಸೊಸೆ ಜುವೈರಿಯಾ ಲಿಂಬೆ ಶರಬತ್ತು ತಂದಳು. ಸುರಕ್ಷಾಳ ಕೈಗೆ ಲೋಟ ಕೊಡುವಾಗ ಅವಳ ಬೆರಳನ್ನು ಒಮ್ಮೆ ಬಿಗಿಯಾಗಿ ಒತ್ತಿದಳು. ಅಷ್ಟೇ. ಮುಖದಲ್ಲಿ ಏನೂ ಇಲ್ಲ.

ಇವಳೇ ಅಬ್ಬಲಿಗೆ! ಸುರಕ್ಷಾ ಶರಬತ್ತನ್ನು ಒಂದೇ ಗುಟುಕಿಗೆ ಕುಡಿದಳು, ಇಲ್ಲವಾದರೆ ಅಳು ಬರುತ್ತಿತ್ತು.

ಎಲ್ಲ ಸಾಲು ಮುಗಿದ ಮೇಲೆ ಒಂದು ಸೋಮವಾರ ಜಗಲಿಯನ್ನು ಮತ್ತೆ ತೆರೆದರು. ಟಯರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರೂ ಮೇಜಿನ ಮೇಲೆ ಫೋನ್ ಇಟ್ಟು ಅದನ್ನೇ ನೋಡುತ್ತ ಕೂತರು.

ಒಂದು ಫೋನಾದರೂ ಬರಬೇಡವೇ? ಬಂದರೆ ತಾನೇ ಒಳಗೆ ಬಿಡುವುದು?

ಬೆಳಿಗ್ಗೆ ಕಳೆಯಿತು. ಊಟದ ಹೊತ್ತು ಕಳೆಯಿತು. ಕೆಳಗೆ ಟಯರಿಗೆ ಗಾಳಿ ಹಾಕುವ ಸದ್ದು ಬಿಟ್ಟರೆ ಏನೂ ಇಲ್ಲ. ಸುರಕ್ಷಾ ಉಗುರು ಕಚ್ಚತೊಡಗಿದಳು.

"ಬರುದಿಲ್ಲ," ಎಂದ ಕೀರ್ತನ್. "ಮುಗೀತು ಅಂತ ಕಾಣ್ತದೆ."

"ಸುಮ್ಮನೆ ಕೂತ್ಕೊಳ್ಳಿ."

ಫೋನ್ ಹೊಡೆದುಕೊಂಡಿತು! ಇಬ್ಬರೂ ಹಾರಿ ಬಿದ್ದರು. ಜೆ.ಪಿ. ಅಣ್ಣನ ನಂಬರು.

"ಹಲೋ... ಅಕ್ಕ?"

"ಪೇಟೆಗೆ ಬಂದವಳು ಮಾಡಿದ್ದು. ನಾನು ಪುನಃ ಜಗಲಿಗೆ ಬರುದಿಲ್ಲ," ಎಂದಳು ದಮಯಂತಿ, ಪೀಠಿಕೆಯಿಲ್ಲದೆ.

ಸುರಕ್ಷಾ ಕಣ್ಣು ಮುಚ್ಚಿದಳು. "ಆಯ್ತು ಅಕ್ಕ. ನೀವು ಬರ್ಬೇಕು ಅಂತ ಕೇಳುವ ಹಕ್ಕು ನನಗಿಲ್ಲ."

"ಅದಲ್ಲ. ನನಗೀಗ ಅದರ ಅಗತ್ಯ ಇಲ್ಲ. ಮೊನ್ನೆ ಇವರು ಬಾಯಿ ಬಿಟ್ರು. ಇಷ್ಟು ವರ್ಷ ನನಗೋಸ್ಕರ ಬೈಸಿಕೊಂಡ್ಯಲ್ಲ ಅಂತ ಚಿಕ್ಕ ಮಗುವಿನ ಹಾಗೆ ಅತ್ರು. ಈಗ ಮೂರೂ ಜನ ಮನೆಯ ಜಗಲಿಯಲ್ಲೇ ಮಾತಾಡ್ತೇವೆ. ಅತ್ತೆಯೂ." ಸ್ವಲ್ಪ ತಡೆದು ಹೇಳಿದಳು. "ಪೂರ್ತಿ ಸರಿ ಆಗ್ಲಿಲ್ಲ. ಅಂಗಡಿಯಲ್ಲಿ ಜನ ಈಗಲೂ ನಗ್ತಾರೆ. ಅದನ್ನು ನಾನು ಮರೀಲಿಕ್ಕಿಲ್ಲ."

"ಮರೀಬೇಡಿ ಅಕ್ಕ."

"ಆದ್ರೆ ಆಚೆ ಮನೆಯವಳಿಗೆ ಎಂತದೋ ಹೇಳ್ಲಿಕ್ಕುಂಟು, ಯಾರೂ ಇಲ್ಲ ಅವಳಿಗೆ. ನಿಮ್ಮ ನಂಬರು ಕೊಟ್ಟಿದ್ದೇನೆ. ಈ ಸ್ವರವನ್ನು ನಂಬ್ಲಿಕ್ಕೆ ಆಗ್ತದೆ ಅಂತ ಹೇಳಿದ್ದೇನೆ. ಇನ್ನೊಮ್ಮೆ ಸುಳ್ಳು ಮಾಡ್ಬೇಡಿ."

ಫೋನ್ ಇಟ್ಟ ಮೇಲೆ ಸುರಕ್ಷಾ ಎರಡೂ ಕೈಯಲ್ಲಿ ಮುಖ ಮುಚ್ಚಿ ಅತ್ತಳು. ಎಷ್ಟೋ ದಿನಗಳಿಂದ ಕಟ್ಟಿಟ್ಟ ಅಳು. ಕೀರ್ತನ್ ಏನು ಮಾಡುವುದೆಂದು ತಿಳಿಯದೆ ನೀರಿನ ಬಾಟಲಿ ಹಿಡಿದು ನಿಂತ.

ಸಂಜೆ ಇನ್ನೆರಡು ಫೋನ್ ಬಂತು. ಅಷ್ಟೇ. ಹೋದವರಲ್ಲಿ ಹೆಚ್ಚಿನವರು ಇನ್ನೂ ದೂರವೇ ಇದ್ದರು.

ಪುತ್ತೂರಿನ ಬಸ್ಸು ಹೊರಡಲು ನಿಂತಿತ್ತು. ಅವನು ಅವಳನ್ನು ಬಿಡಲು ಬಂದಿದ್ದ.

"ಸುರಕ್ಷಾ... ಬೊಬ್ಬೆ ಮುಳುಗ್ತದೋ ಏಳ್ತದೋ ನನಗೆ ಗೊತ್ತಿಲ್ಲ. ಮುಳುಗಿದ್ರೂ ನಿಮ್ಮ ಫೋನ್ ಬರ್ಬೇಕು ನನಗೆ. ದಿನಾ. ನನಗೆ... ನಿಮ್ಮ ಮೇಲೆ ಪ್ರೀತಿ ಉಂಟು. ಹೇಳುವ ಯೋಗ್ಯತೆ ಇಲ್ಲ ಅಂತ ಇಷ್ಟು ದಿನ ಹೇಳ್ಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಈ ಮಾತಿಗಾಗಿ ಅವಳು ಕಾದಿದ್ದಳು. ಬಂದಾಗ ಹೆದರಿಕೆಯಾಯಿತು.

"ನನಗೆ ಸಿಟ್ಟು ಉಂಟು ಇನ್ನೂ."

"ಗೊತ್ತುಂಟು."

"ಸಿಟ್ಟಿನ ಒಟ್ಟಿಗೆ ಅದೂ ಉಂಟು."

"ಅದು ಅಂದ್ರೆ...?"

"ಎಂತ ಮಾರಾಯ, ಎಲ್ಲ ಬಿಡಿಸಿ ಹೇಳ್ಬೇಕಾ ನಿನಗೆ?"

ಕೀರ್ತನ್ ನಕ್ಕ. ಇಷ್ಟು ದಿನಗಳಲ್ಲಿ ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಕಂಡಕ್ಟರ್ ಸೀಟಿ ಊದಿದ. ಅವಳು ಬಸ್ಸು ಹತ್ತಿ ಕಿಟಕಿಯ ಬಳಿ ಕೂತಳು.

"ಪುತ್ತೂರಿನಲ್ಲಿ ಒಂದು ಮನೆ ಬಿಟ್ಟಿದ್ದೀ ನೀನು," ಎಂದಳು. "ಮುರಿದದ್ದು ನಾನು ಕೊಟ್ಟ ಮಾತು. ನನ್ನ ಹತ್ತಿರ ಕ್ಷಮೆ ಕೇಳ್ಲೇ ಇಲ್ಲ."

ಅವನು ಕಿಟಕಿಯ ಕಂಬಿ ಹಿಡಿದ. "ಬರ್ತೇನೆ. ಭಾನುವಾರ ಬರ್ತೇನೆ. ನಾನೊಬ್ಬನೇ ಬರುದಾ... ಅಪ್ಪ ಅಮ್ಮನನ್ನೂ ಕರ್ಕೊಂಡು ಬರುದಾ?"

ಬಸ್ಸು ಮೆಲ್ಲಗೆ ಮುಂದಕ್ಕೆ ಸರಿಯಿತು.

"ಕ್ಷಮೆ ಕೇಳ್ಲಿಕ್ಕೆ ನೀನೊಬ್ಬ ಸಾಕು," ಎಂದಳು ಸುರಕ್ಷಾ. "ಅದಾದ ಮೇಲಿನದ್ದು ಕೇಳ್ಲಿಕ್ಕೆ ಅವರೂ ಬೇಕು... ಕರ್ಕೊಂಡು ಬಾ."